ಮಾಲೆಯ ಅಡಿಯ ಮೂರು ದೀಪ

ಮಂಜು ಕವಿದು ಹನ್ನೊಂದು ವರ್ಷವಾಯಿತು. ಹಾರುವ ಲಾರಿಗಳು ರಸ್ತೆಗೆ ಇಳಿಯುವುದು ಕೆಳಗಿನವರ ನೆತ್ತಿಯ ದೀಪ ನೋಡಿಕೊಂಡೇ. ಬೈಕ್ ಸವಾರನ ಹೆಲ್ಮೆಟ್ಟಿಗೆ ಒಂದು ದೀಪ. ಅಗಲದ ಪಿಕಪ್‌ಗೆ ಐದು: ಅಂಚಿಗೊಂದೊಂದು, ನಡುವೆ ಮೂರು.

ಆಯುಧಪೂಜೆಯ ಮರುದಿನ ಬೆಳಿಗ್ಗೆ ಬರಮಪ್ಪನ ಪಿಕಪ್ ಗದಗ ರಸ್ತೆಯ ನನ್ನ ತಪಾಸಣಾ ಗೇಟಿಗೆ ಬಂತು. ನಡುವಿನ ಮೂರೂ ದೀಪ ಚೆಂಡುಹೂವಿನ ಮಾಲೆಯಡಿ ಮುಚ್ಚಿಹೋಗಿದ್ದವು.

“ಮಾಲಿ ಸರಿಸ್ರಿ,” ಎಂದೆ.

“ಪೂಜಿ ಮಾಲಿ ಮೂರು ದಿನ ತೆಗೀಬಾರದ್ರಿ ಅಕ್ಕಾರ. ಎರಡು ದೀಪ ಕಾಣ್ತಾವಲ್ಲ, ಸಾಲದೇನ್ರಿ?”

“ಎರಡೇ ಕಂಡ್ರ ಮ್ಯಾಲಿನವ್ರು ಎರಡು ಬೈಕ್ ಅನ್ಕೋತಾರ. ನಡುವ ಜಾಗ ಐತಂತ ಇಳೀತಾರ.”

“ನಿಮ್ದು ಬರೇ ಪುಸ್ತಕದ ಮಾತು!”

ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಈ ಕೆಲಸಕ್ಕೆಂದು ಹೋಗಿದ್ದ ಸಂಜೆ ತರಗತಿಯಲ್ಲಿ ನಾನೇ ಏನಾದರೂ ತಪ್ಪಾಗಿ ಕಲಿತೆನೇ ಎಂದು ಅಳುಕಾಯಿತು. ಆದರೂ ಗೇಟು ಎತ್ತಲಿಲ್ಲ.

“ಮಾಲಿ ತೆಗೆಯಂಗಿಲ್ಲ, ಬಂಪರಿಗೆ ಇಳಸ್ತೀನಿ. ಅದು ಗಾಡಿ ಬಿಟ್ಟೇನೂ ಹೋಗೂದಿಲ್ಲ,” ಎಂದು ಏಣಿ ಹತ್ತಿ ಮಾಲೆ ಜಾರಿಸಿದೆ.

ಮೂರು ದೀಪ ಬೆಳಗಿದವು. ಅಷ್ಟರಲ್ಲೇ ತಲೆಯ ಮೇಲಿನ ಮಂಜು ಕಪ್ಪಾಯಿತು. ಇಳಿಯುತ್ತಿದ್ದ ಸಿಮೆಂಟ್ ಲಾರಿಯೊಂದರ ಹೊಟ್ಟೆ ಕೈಗೆಟಕುವಷ್ಟು ಹತ್ತಿರ ಬಂದು ಗಕ್ಕನೆ ನಿಂತಿತು, ಮತ್ತೆ ಗುಡುಗುತ್ತ ಮೇಲೇರಿತು.

ಬರಮಪ್ಪ ಬಂಪರಿನ ಮಾಲೆ ಬಿಚ್ಚಿ ತಂದು ನನ್ನ ಗೇಟಿಗೆ ಕಟ್ಟಿದ.

“ಮೂರು ದಿನ ತೆಗೀಬ್ಯಾಡ್ರಿ,” ಎಂದ.

ಹಾರ್ನ್‌ಗಳು ನಿಂತಿದ್ದವು. ಸಾಲಿನ ಚಾಲಕರೆಲ್ಲ ಪೂಜೆಯ ಮಾಲೆ ಸರಿಸಲು ತಂತಮ್ಮ ಗಾಡಿಯ ನೆತ್ತಿ ಹತ್ತುತ್ತಿದ್ದರು. ಮಂಜಿನುದ್ದಕ್ಕೂ ಮೂರು ಮೂರು ದೀಪ ಹೊತ್ತಿಕೊಂಡವು.