ನಡುಮಧ್ಯಾಹ್ನ ತಣ್ಣಗಾದ ಪ್ಯಾನೆಲ್

“ಇದು ಮೋಸ ಅಲ್ದೆ ಮತ್ತೇನಯ್ಯಾ?” ಥಿಯೋಫಾನಿಸ್ ಮೇಜು ಗುದ್ದಿದ. “ಬೆಳಿಗ್ಗೆಯಿಂದ ಕುಲುಮೆ ಹಾಗೆ ಕಾಯೋ ಪ್ಯಾನೆಲ್ಲು, ಸೂರ್ಯ ನೆತ್ತಿ ಮೇಲೆ ಬಂದಾಗ ಬಾವಿನೀರಿನ ಹಾಗೆ ತಣ್ಣಗಾಗುತ್ತಾ?”

ಪರೀಕ್ಷಾಧಿಕಾರಿ ಎವಗೋರಸ್ ಬಟ್ಟಲು ಕೆರೆಯುತ್ತಿದ್ದ. ಬಾಯಿ ತುಂಬ ತ್ರಖಾನದ ಗಂಜಿ ಇತ್ತು. ತ್ರಖಾನವೆಂದರೆ ಹುಳಿಹಾಲಿನಲ್ಲಿ ಬೇಯಿಸಿ ಒಣಗಿಸಿದ ಗೋಧಿನುಚ್ಚಿನ ಸಂಡಿಗೆ. ಥಿಯೋಫಾನಿಸನೇ ಮನೆಯಿಂದ ತಂದದ್ದು.

“ಈ ಸಲದ್ದು ಬಲು ಚೆನ್ನಾಗಿ ಒಣಗಿದೆ,” ಎಂದ ಎವಗೋರಸ್, ಎರಡನೇ ಬಟ್ಟಲಿಗೆ ಕೈಹಾಕುತ್ತ.

“ಗಂಜಿ ಮಾತು ಬಿಡು! ನಿನ್ನ ಪರೀಕ್ಷೆ ಮುದ್ರೆ ಸಿಗದಿದ್ರೆ ಒಂದು ಹೋಟೆಲೂ ನನ್ನ ಮಾಲು ಮುಟ್ಟಲ್ಲ. ಮನೆ ತಾರಸಿ ತುಂಬ ಪ್ಯಾನೆಲ್ ಅಟ್ಟಿ ಹಾಕಿದೀನಿ, ಬೆಕ್ಕಿಗೂ ಕಾಲಿಡೋಕೆ ಜಾಗ ಇಲ್ಲ. ಕಾರ್ಖಾನೆಗೆ ಬೀಗವೇ ಗತಿ.”

ಪರೀಕ್ಷೆ ಸರಳ. ನೀರು ಕಾಯಿಸುವ ಪ್ಯಾನೆಲನ್ನು ನೀರಿಲ್ಲದೆ ಲಾರ್ನಕಾ ಊರಿನ ಬಿಸಿಲಿಗೆ ಒಡ್ಡಬೇಕು. ಒಳಗಿನ ತಗಡು ಎಷ್ಟು ಕಾದಿತೆಂದು ಯಂತ್ರ ಬರೆದಿಡುತ್ತದೆ. ಥಿಯೋಫಾನಿಸನ ಪ್ಯಾನೆಲ್ ಮಾತ್ರ, ಊರೆಲ್ಲ ಉಂಡು ಮಲಗುವ ಹೊತ್ತಿಗೆ ಸರಿಯಾಗಿ ಸೋಲುತ್ತಿತ್ತು. ಪಕ್ಕದ್ದು ಅವನ ಪ್ರತಿಸ್ಪರ್ಧಿ ತಯಾರಕ ಲೋಯಿಸೋಸನದು. ಅದು ತಣ್ಣಗಾದದ್ದೇ ಇಲ್ಲ.

ಇಬ್ಬರೂ ಪರೀಕ್ಷೆಯ ಅಂಗಳಕ್ಕೆ ಹೋಗಿ ನೋಡಿದರು. ಚೌಕಟ್ಟಿನ ಮೂಲೆಗಳಲ್ಲಿ ದಾರದ ತುಂಡುಗಳು. ಗಾಜಿನ ಮೇಲೆ ಬಿಳಿ ಚೂರುಗಳು.

“ಹಕ್ಕಿ ಹಿಕ್ಕೆ,” ಎಂದ ಎವಗೋರಸ್.

“ಹಕ್ಕಿ ದಾರ ಕಟ್ಟುತ್ತೇನೋ ಪೆದ್ದ? ಬಟ್ಟೆ ಮುಚ್ಚಿದಾನೆ ಆ ಲೋಯಿಸೋಸ್! ಗೇಟಿನ ಕೀಲಿ ಯಾರ ಹತ್ರ ಇದೆ?”

“ನನ್ನ ಹತ್ರ. ಇನ್ನೊಂದು ನಿಮ್ಮಮ್ಮನ ಹತ್ರ.”

ಅಂಗಳದ ಮೂಲೆಯಲ್ಲಿ ಪುಟ್ಟ ಇಗರ್ಜಿ ಇದೆ. ಅಲ್ಲಿ ದೀಪ ಹಚ್ಚುವುದು ಥಿಯೋಫಾನಿಸನ ತಾಯಿ, ಮುದುಕಿ ಕ್ರಿಸ್ತಲ್ಲೂಳ ಹರಕೆ.

“ಅಮ್ಮ ದಿನಾ ಮಧ್ಯಾಹ್ನ ಬರೋದೇ ಈ ಪ್ಯಾನೆಲ್ಲಿಗಾಗಿ ಪ್ರಾರ್ಥನೆ ಮಾಡೋಕೆ,” ಎಂದ ಥಿಯೋಫಾನಿಸ್, ದನಿ ತಗ್ಗಿಸಿ. “ಅವಳ ಕಣ್ಣಿಗೆ ಬಿದ್ದಿದ್ರೆ ಆ ಕಳ್ಳನ ಮುಸುಡಿಗೆ ಚಪ್ಪಲಿ ಬೀಳ್ತಿತ್ತು. ಅವನು ಗೋಡೆ ಹಾರಿ ಬರ್ತಿರಬೇಕು. ಇವತ್ತು ಮಧ್ಯಾಹ್ನ ನಾವು ನಿದ್ದೆ ಮಾಡೋದು ಬೇಡ.”

ಇಬ್ಬರೂ ನೀರಿನ ತೊಟ್ಟಿಯ ಹಿಂದೆ ಅಡಗಿ ಕೂತರು. ಬೆವರು ಹರಿಯಿತು. ಥಿಯೋಫಾನಿಸನ ಕೈಯಲ್ಲಿ ಕಬ್ಬಿಣದ ಕೊಳವೆ. ಎವಗೋರಸನಿಗೆ ತೂಕಡಿಕೆ.

ಇಗರ್ಜಿಯ ಬಾಗಿಲು ಕಿರುಗುಟ್ಟಿತು. ಕ್ರಿಸ್ತಲ್ಲೂ ಹೊರಬಂದಳು, ಕಂಕುಳಲ್ಲಿ ಗಂಟು. ಲೋಯಿಸೋಸನ ಪ್ಯಾನೆಲ್ಲಿನತ್ತ ಮೂತಿ ತಿರುವಿ ಮುಂದೆ ನಡೆದಳು. ಮಗನ ಪ್ಯಾನೆಲ್ಲಿನ ಮುಂದೆ ನಿಂತು, ಅದರ ಮೇಲಿನ ಅವನ ಹೆಸರನ್ನು ತೋಳಿನಿಂದ ಒರೆಸಿ ಮುತ್ತಿಟ್ಟಳು.

“ನೋಡಿದೆಯಾ, ಹರಸ್ತಿದಾಳೆ.” ಥಿಯೋಫಾನಿಸ್ ಕಣ್ಣೊರೆಸಿಕೊಂಡ.

ಮುದುಕಿ ಗಂಟು ಬಿಚ್ಚಿದಳು. ಹಾಸಿಗೆಯ ಹೊದಿಕೆಯೊಂದನ್ನು ಗಾಜಿನ ಮೇಲೆ ಹರಡಿ, ನಾಲ್ಕೂ ಮೂಲೆಗೆ ದಾರ ಕಟ್ಟಿ, ಒದ್ದೆ ತ್ರಖಾನದ ತುಂಡುಗಳನ್ನು ಸಾಲಾಗಿ ಅಂಟಿಸತೊಡಗಿದಳು. ಎರಡು ಬಟ್ಟಲು ಸಾಕ್ಷ್ಯವನ್ನು ಎವಗೋರಸ್ ಆಗಲೇ ತಿಂದು ಮುಗಿಸಿದ್ದ.

“ಅಮ್ಮಾ!”

“ಅರಚಬೇಡ್ವೋ. ಮನೆ ತಾರಸೀಲಿ ಒಣಗಿಸೋಕೆ ಜಾಗ ಎಲ್ಲಿಟ್ಟಿದೀಯ?” ಮುದುಕಿ ತಿರುಗಿಯೂ ನೋಡಲಿಲ್ಲ. “ಆ ಲೋಯಿಸೋಸನ ಗಾಜಿನ ಮೇಲೆ ಒಣಗಿಸಿದ್ರೆ ಊರವರು ಏನಂದಾರು? ಹೆತ್ತವಳಿಗೇ ಮಗನ ಮಾಲಿನ ಮೇಲೆ ನಂಬಿಕೆ ಇಲ್ಲ ಅಂತ ಆಡ್ಕೊಳಲ್ವಾ?”