ಸಮಾಧಾನದ ಇಲಿಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಪ್ರೊಫೆಸರರು ಪ್ರಯೋಗಾಲಯದ ಇಲಿ ಕೋಣೆಗೆ ನುಗ್ಗಿ, ಅಂಕಿಗಳ ಪಟ್ಟಿಯೊಂದನ್ನು ಮೇಜಿನ ಮೇಲೆ ಬಡಿದರು.

“ಇಲ್ಲೊಂದು ಸಹಿ ಹಾಕು, ಇಲಿಯಕ್ಕಾ. ನಾನಿಲ್ಲದ ಒಂಬತ್ತು ದಿನದ ಅಂಕಿ ಹೊಡೆದುಹಾಕಿದೀನಿ.”

ಹನ್ನೆರಡು ವರ್ಷ ಇಲಿ ಸಾಕಿದ್ದಕ್ಕೆ ಆಕೆಗೆ ದಕ್ಕಿದ್ದು ಆ ಹೆಸರು, ಮತ್ತು ವರ್ಷಕ್ಕೊಮ್ಮೆ ಪ್ರೊಫೆಸರರು ಒಪ್ಪಿ ಬರೆದರಷ್ಟೇ ಮುಂದುವರಿಯುವ ಕೆಲಸ. ಈ ವರ್ಷ ಅವರಿನ್ನೂ ಬರೆದಿರಲಿಲ್ಲ.

ಪ್ರಯೋಗ ಸರಳ. ಇಲಿಯ ಹಿಂಗಾಲಿಗೆ ಉರಿ ಬರುವ ಮದ್ದು ಚುಚ್ಚಬೇಕು. ಅರ್ಧ ಗಂಟೆಯಲ್ಲಿ ಅದು ಎಷ್ಟು ಸೆಕೆಂಡು ಕಾಲು ನೆಕ್ಕುತ್ತದೆಂದು ಅಳೆಯಬೇಕು. ಒಂಟಿ ಇಲಿಗಳನ್ನು ಇಲಿಯಕ್ಕ ಒಬ್ಬಳೇ ಕೂತು ಅಳೆಯುತ್ತಿದ್ದಳು; ಅವು ಇನ್ನೂರರ ಆಸುಪಾಸು ನೆಕ್ಕುತ್ತಿದ್ದವು. ಪಕ್ಕದಲ್ಲಿ ಜೊತೆಗಾರ ಇಲಿಯಿದ್ದರೆ ನೋವು ಅರ್ಧಕ್ಕಿಳಿಯುತ್ತದೆ ಎಂಬುದು ಪ್ರೊಫೆಸರರ ಸಿದ್ಧಾಂತ. ಇಳಿಯುತ್ತಲೂ ಇತ್ತು, ಅವರು ಕೋಣೆಯಲ್ಲಿದ್ದ ದಿನ ಮಾತ್ರ.

“ನೀವಿಲ್ಲದಾಗ ಜೊತೆಗಾರ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಸರ್.”

“ಅಂದ್ರೆ ನೀನು ಅಳೆಯೋದು ನೆಟ್ಟಗಿಲ್ಲ. ನಾನಿದ್ರೆ ನೋಡು, ಪಾಪ, ಎಷ್ಟು ಸಮಾಧಾನವಾಗಿರ್ತವೆ!”

ಇಲಿಯಕ್ಕ ಪಂಜರ ನೋಡಿದಳು. ಅವರು ಒಳಗೆ ಕಾಲಿಟ್ಟದ್ದೇ ತಡ, ಇಲಿ ಮೂಲೆ ಹಿಡಿದು, ಕಿವಿ ಹಿಂದಕ್ಕೆ ಮಡಚಿ, ಕಲ್ಲಾಗಿ ಕೂತಿತ್ತು. ಇದು ಸಮಾಧಾನವಾದರೆ, ಪ್ರೊಫೆಸರರ ಸಭೆಗಳಲ್ಲಿ ಉಗುಳು ನುಂಗಿಕೊಂಡು ಕೂರುವ ಇಡೀ ವಿಭಾಗವೇ ಪರಮಸುಖಿ.

“ಸಹಿಯೇನೋ ಹಾಕ್ತೀನಿ. ಒಂದರ್ಧ ಗಂಟೆ ಹೊರಗಿರಿ ಸರ್. ಮೈಮೇಲಿರೋ ಕೋಟು ಮಾತ್ರ ಕೊಟ್ಟು ಹೋಗಿ.”

“ಯಾಕೆ, ಇಲಿಗೆ ಚಳಿನಾ?” ತಮ್ಮ ಹಾಸ್ಯಕ್ಕೆ ತಾವೇ ಹೊಟ್ಟೆ ಕುಲುಕಿಸಿ ನಕ್ಕು, ಅವರು ಕೋಟು ಕಳಚಿಕೊಟ್ಟು ಹೋದರು.

ಬೆವರು ನಾರುವ ಕೋಟನ್ನು ಆಕೆ ಪಂಜರದ ಪಕ್ಕದ ಕುರ್ಚಿಗೆ ತೊಡಿಸಿದಳು. ಬೇರೊಂದು ಇಲಿಯನ್ನು ಒಂಟಿಯಾಗಿ ಬಿಟ್ಟು, ಮದ್ದು ಚುಚ್ಚಿ, ಗಡಿಯಾರ ಒತ್ತಿದಳು. ಇಲಿ ಮೂಗರಳಿಸಿತು, ಕುರ್ಚಿಯಿಂದ ಆದಷ್ಟು ದೂರದ ಮೂಲೆಗೆ ಸರಿಯಿತು.

ಪ್ರೊಫೆಸರರು ಮರಳಿ ಬಂದು ಪಂಜರಕ್ಕೆ ಇಣುಕಿದರು. “ಇದರ ಜೊತೆಗಾರ ಎಲ್ಲಿ?”

“ಆ ಕುರ್ಚಿ ಮೇಲಿದೆ ಸರ್.”

ಅವರ ಪಟ್ಟಿಯನ್ನು ಆಕೆ ಮುಟ್ಟಿರಲಿಲ್ಲ. ಬೇರೆ ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಅದರ ಕೆಳಗೆ ಸಹಿ ಮಾಡಿದ್ದಳು: ಜೊತೆಗಾರ ಇಲಿ, ಇಲ್ಲ. ಪ್ರೊಫೆಸರರ ಕೋಟು, ಇದೆ. ಕಾಲು ನೆಕ್ಕಿದ್ದು, ತೊಂಬತ್ತೇಳು ಸೆಕೆಂಡು.