ಸುರಂಗದ ಗೋಡೆಯ ಉಳಿ ಗುರುತು

ಎದುರು ಮನೆಯಲ್ಲಿ ಗ್ರಾನೈಟ್ ಕೊಯ್ಯುತ್ತಿದ್ದಾರೆ. ಒದ್ದೆ ಕಲ್ಲುಪುಡಿಯ ವಾಸನೆಗೆ ಅಂಡಮಾನಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನೂ ತಾತನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೈನಿಕರು ಅಲ್ಲಿಯ ಜನರನ್ನು ಹಿಡಿದು ತಂದು ಗುಡ್ಡದೊಳಗೆ ಕೊರೆಸಿದ ಸುರಂಗವೊಂದನ್ನು ನೋಡಲು ಹೋದೆವು. ಗೈಡ್ ಹಿಂದಿಯಲ್ಲಿ ಹೇಳಿದ್ದನ್ನು ಅಪ್ಪ ಕನ್ನಡದಲ್ಲಿ ಹೇಳುತ್ತಿದ್ದ: ಮದ್ದುಗುಂಡು ಎಲ್ಲಿಡುತ್ತಿದ್ದರು, ಎಲ್ಲಿ ಮಲಗುತ್ತಿದ್ದರು ಎಂದೆಲ್ಲ. ತಾತ ಅದಕ್ಕೆ ಕಿವಿಗೊಡಲಿಲ್ಲ. ಕನಕಪುರದ ಕಡೆಯ ಕ್ವಾರಿಗಳಲ್ಲಿ ಕಲ್ಲು ಒಡೆದೇ ಮುದುಕನಾದವನು ಅವನು. ಅಂಗೈಯಿಂದ ಗೋಡೆಯನ್ನು ಸವರುತ್ತ ನಡೆದ. ಪಕ್ಕಕ್ಕೆ ತಿರುಗಿದ ಒಂದು ಗಿಡ್ಡ ಕವಲಿನ ಬಾಯಲ್ಲಿ ಕುಕ್ಕರಿಸಿ ಕುಳಿತು ನನ್ನನ್ನು ಕರೆದ.

“ಬಾವ್ವ, ಇದ್ರೊಳಗೆ ಒಸಿ ನಿಂತ್ಕೊ.”

ನಿಂತೆ. ನನ್ನ ತಲೆಗೆ ಕಲ್ಲು ತಾಗಲಿಲ್ಲ; ದೊಡ್ಡವರು ಅಲ್ಲಿ ನಿಲ್ಲುವಂತಿರಲಿಲ್ಲ. ತಾತ ನನ್ನ ಬೆರಳು ಹಿಡಿದು ಉಳಿಯ ಗುರುತುಗಳ ಮೇಲೆ ಆಡಿಸಿದ. ಅವು ಆಳವಿಲ್ಲದೆ, ಒತ್ತೊತ್ತಾಗಿದ್ದವು.

“ದೊಡ್ಡೋರ ಏಟಲ್ಲ ಇದು. ನಾನೂ ನಿನ್ನಷ್ಟಿದ್ದಾಗ ಹಿಂಗೇ ಹೊಡೀತಿದ್ದೆ” ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, “ಮಕ್ಳ ಕೈಲೂ ಮಾಡಿಸವ್ರೆ. ಕೇಳ್ಲಾ ಅವನ್ನ” ಎಂದ.

ಅಪ್ಪ ಕೇಳಿದ. ಗೈಡ್ ತನ್ನ ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿ, ಅಂಥದ್ದೇನೂ ಇದರಲ್ಲಿ ಬರೆದಿಲ್ಲ ಎಂದ.

“ಬರ್ದಿಲ್ಲ ಅಂದ್ರೆ ಈಗ ಬರ್ಕಳಕ್ಕೆ ಹೇಳು” ಎಂದ ತಾತ, ಕುಳಿತಲ್ಲಿಂದಲೇ.

ಆ ಮಾತನ್ನು ಅಪ್ಪ ಹಿಂದಿಯಲ್ಲಿ ಹೇಳಲಿಲ್ಲ. ಹಿಂದೆ ಜನ ಕಾಯುತ್ತಿದ್ದಾರೆಂದು ತಾತನ ರಟ್ಟೆ ಹಿಡಿದು ಎಬ್ಬಿಸಿದ.